ಸ್ಯಾಂಪಲ್‌ಗೆ 84 ಅಂಕ, ಸರಕಿಗೆ 80ಕ್ಕಿಂತ ಕಡಿಮೆ: ಸಣ್ಣ ಕಾಫಿ ಬೆಳೆಗಾರರ ಗುಂಪು ಎಲ್ಲಿ ಎಡವುತ್ತದೆ?

ಪ್ರಶ್ನೆ
ಒಂದೆರಡು ಎಕರೆ ಅರೇಬಿಕಾ ಕಾಫಿ ಇರುವ ನಲವತ್ತು ಮನೆಗಳ ಗುಂಪೊಂದಕ್ಕೆ ನೆರವಾಗುತ್ತಿದ್ದೇನೆ. ಸ್ಯಾಂಪಲ್ ರುಚಿ ನೋಡಿ ಆಮದುದಾರರು ನೂರಕ್ಕೆ 84 ಅಂಕ ಕೊಟ್ಟರು. ಸರಕು ತಲುಪಿದ ಮೇಲೆ 80ಕ್ಕಿಂತ ಕೆಳಗಿದೆ, ಇದು ಸ್ಪೆಷಾಲಿಟಿ (80 ಅಥವಾ ಹೆಚ್ಚು ಅಂಕದ ಉತ್ತಮ ದರ್ಜೆ) ಅಲ್ಲ ಎಂದು ಬೆಲೆ ಇಳಿಸಿದರು. ಮುಂದಿನ ಕೊಯ್ಲಿಗೆ ಮೊದಲು ಏನು ಸರಿಪಡಿಸಬೇಕು?

ಉತ್ತರ 1
ಸ್ಯಾಂಪಲ್ ಎಲ್ಲಿಂದ ತೆಗೆದಿರಿ? ಚೆನ್ನಾಗಿರುವ ಒಂದು ಚೀಲದಿಂದ ತೆಗೆದು ಕೈಯಲ್ಲಿ ಹೆಕ್ಕಿ ಕಳಿಸಿದ್ದರೆ ಅದು ಸರಕಿನ ಸ್ಯಾಂಪಲ್ಲೇ ಅಲ್ಲ. ಲಾಟಿನ ಪ್ರತಿ ಚೀಲದಿಂದಲೂ ತೆಗೆದು, ಬೆರೆಸಿ, 350 ಗ್ರಾಂನ ಎರಡು ಪೊಟ್ಟಣ ಮಾಡಿ. ಒಂದು ಅವರಿಗೆ, ಇನ್ನೊಂದು ಸೀಲ್ ಆಗಿ ನಿಮ್ಮಲ್ಲಿ. ತಕರಾರು ಬಂದಾಗ ಅದೇ ಸಾಕ್ಷಿ.

ಒಂದು ದಿನದ ಹಣ್ಣು ಒಂದು ಲಾಟು. ಹಣ್ಣನ್ನು ನೀರಿಗೆ ಹಾಕಿ ತೇಲಿದ್ದನ್ನು ತೆಗೆದು, ಅದೇ ದಿನ ಪಲ್ಪ್ ಮಾಡಿ (ಸಿಪ್ಪೆ ತೆಗೆದು ಬೀಜ ಬೇರ್ಪಡಿಸಿ). ಯಾರ ಹಣ್ಣು, ಎಷ್ಟು ಕಿಲೋ, ಲೋಳೆ ಬಿಡಲು ಬೀಜ ಎಷ್ಟು ಗಂಟೆ ಹುಳಿಯಿತು ಎಂದು ಬರೆದಿಡಿ. ಕುಡಿದು ನೋಡದೆ ಲಾಟುಗಳನ್ನು ಬೆರೆಸಬೇಡಿ. ಹುಳಿ ಹೆಚ್ಚಾದ ಒಂದೇ ಬೀಜ ಇಡೀ ಕಪ್ ಕೆಡಿಸುತ್ತದೆ.

ಉತ್ತರ 2
ಸ್ಯಾಂಪಲ್ ಸರಿಯಿದ್ದರೂ ಹೀಗಾಗಬಹುದು. ನನ್ನ ಅನುಮಾನ ತೇವಾಂಶದ ಮೇಲೆ. ಬೀಜದಲ್ಲಿ ಶೇ. 10ರಿಂದ 12 ಇರಬೇಕು. ಅದಕ್ಕಿಂತ ಹಸಿಯಾಗಿ ಕಂಟೇನರ್ ಸೇರಿದರೆ ದಾರಿಯಲ್ಲೇ ಬಣ್ಣ ಮಾಸಿ ಮುಗ್ಗಲು ವಾಸನೆ ಹಿಡಿಯುತ್ತದೆ. ತೇವಾಂಶದ ಮೀಟರ್ ಹಸಿರು ಬೀಜಕ್ಕೆ (ಸುಲಿದ, ಹುರಿಯದ ಬೀಜಕ್ಕೆ) ಹೊಂದಿಸಿದ್ದರೆ ಪಾರ್ಚ್‌ಮೆಂಟ್ (ಬೀಜದ ಮೇಲಿನ ಒಣ ಹೊಟ್ಟು) ಸಮೇತ ಹಾಕಿ ನೋಡಿದ ಅಂಕಿ ತಪ್ಪು. ಬೀಜ ತಣ್ಣಗಾದ ಮೇಲೆ ಸುಲಿದು ಅಳೆಯಿರಿ.

ನೆಲದಿಂದ ಎತ್ತರಿಸಿದ ಬಲೆಯ ಮೇಲೆ 2–3 ಸೆಂ.ಮೀ. ದಪ್ಪಕ್ಕೆ ಹರಡಿ, ಮೊದಲ ದಿನಗಳಲ್ಲಿ ಗಂಟೆಗೊಮ್ಮೆ ಕೈಯಾಡಿಸಿ. ನಡುಮಧ್ಯಾಹ್ನದ ಬಿಸಿಲಿಗೂ ರಾತ್ರಿಯ ಇಬ್ಬನಿಗೂ ಮುಚ್ಚಲೇಬೇಕು. ಪಲ್ಪ್ ಮಾಡಿ, ಹುಳಿಸಿ, ತೊಳೆದ ಕಾಫಿಗೆ 10ರಿಂದ 15 ದಿನ ಹಿಡಿಯುತ್ತದೆ. ಅವಸರಪಟ್ಟರೆ ಪಾರ್ಚ್‌ಮೆಂಟ್ ಬಿರಿದು ಬೀಜ ಬೇಗ ಹಳತಾಗುತ್ತದೆ. ಒಣಗಿದ್ದನ್ನು ಒಂದೆರಡು ತಿಂಗಳು ಪಾರ್ಚ್‌ಮೆಂಟ್‌ನಲ್ಲೇ ಇಟ್ಟು, ಸಾಗಿಸುವ ಮುಂಚೆ ಸುಲಿದು, ಗೋಣಿಯೊಳಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲ ಹಾಕಿ ತುಂಬಿ.

ಉತ್ತರ 3
ಇವೆಲ್ಲ ನಿಲ್ಲುವುದು ದುಡ್ಡಿನ ಏರ್ಪಾಡಿನ ಮೇಲೆ. ಹಣ್ಣಾದದ್ದನ್ನಷ್ಟೇ ಕೊಯ್ಯಲು ಅದೇ ಗಿಡಕ್ಕೆ ಹಲವು ಸಲ ಹೋಗಬೇಕು, ಕೂಲಿ ಆಗಲೇ ಕೊಡಬೇಕು. ರಫ್ತಿನ ಹಣ ಬರುವುದು ತಿಂಗಳುಗಳ ನಂತರ. ಅಲ್ಲಿಯವರೆಗೆ ಕಾಯಿಸಿದರೆ ರೈತರು ಕೈಗೆ ನಗದು ಇಡುವ ಮಧ್ಯವರ್ತಿಗೇ ಕೊಡುತ್ತಾರೆ, ಅದು ಅವರ ತಪ್ಪಲ್ಲ. ಹಣ್ಣು ತಂದ ದಿನ ಆ ದಿನದ ದರ, ಮಾರಾಟವಾದ ಮೇಲೆ ಎರಡನೇ ಕಂತು ಎಂದು ಮಾಡಿಕೊಳ್ಳಿ.

60 ಕೆ.ಜಿ.ಯ ಹತ್ತು ಚೀಲ ಹಸಿರು ಬೀಜಕ್ಕೆ ಸುಮಾರು 3,600 ಕೆ.ಜಿ. ಹಣ್ಣು ಬೇಕು. 20 ಅಡಿ ಕಂಟೇನರ್ ಮುನ್ನೂರಕ್ಕೂ ಹೆಚ್ಚು ಚೀಲ ಹಿಡಿಯುತ್ತದೆ, ಹಾಗಾಗಿ ಬೇರೆಯವರ ಸರಕಿನ ಜೊತೆ ಜಾಗ ಹಂಚಿಕೊಳ್ಳಬೇಕಾಗುತ್ತದೆ. ಸಹಿ ಹಾಕುವ ಮುಂಚೆ ಒಪ್ಪಂದದಲ್ಲಿ ಮೂರು ಸಂಗತಿ ನೋಡಿ: ಯಾವ ಸ್ಯಾಂಪಲ್ ಆಧಾರ, ತಕರಾರಿಗೆ ಎಷ್ಟು ದಿನ ಗಡುವು, ಅಂಕದ ಬಗ್ಗೆ ಜಗಳ ಬಂದರೆ ಕಾಫಿಯ ರುಚಿ ನೋಡಿ ತೀರ್ಪು ಕೊಡುವ ಮೂರನೆಯವರು ಯಾರು. ನಿಮ್ಮ ಹಿಂದಿನ ಒಪ್ಪಂದದಲ್ಲಿ ಇವು ಇದ್ದವೇ?