ಅಜ್ಜಿಯ ಸೂಜಿ ಡಬ್ಬಿ ಯಾವ ಬಂದೂಕಿನ ತೋಟಾ?

ಪ್ರಶ್ನೆ (ತುಮಕೂರು, ದೇವರಾಯನದುರ್ಗದ ಕಡೆಯವನು):
ಅಟ್ಟದ ಟ್ರಂಕಿನಲ್ಲಿ ಹಿತ್ತಾಳೆಯ ಖಾಲಿ ತೋಟಾ ಸಿಕ್ಕಿದೆ. ಬೆರಳುದ್ದ ಇದೆ. ಅಜ್ಜಿ ಅದರಲ್ಲಿ ಸೂಜಿ ಹಾಕಿ, ಬಾಯಿಗೆ ಬಟ್ಟೆ ತುರುಕಿ ಇಡುತ್ತಿದ್ದರು. ತಳದಲ್ಲಿ 405 ಅಂತ ಒತ್ತಿದ್ದಾರೆ. ತಾತ ಬೇಟೆಗೆ ಹೋಗುತ್ತಿದ್ದರಂತೆ. ಯಾವ ಬಂದೂಕಿನದು, ಗೊತ್ತಿದ್ದವರು ಹೇಳಿ.

ಉತ್ತರ (ತಿಪಟೂರು):
ತಳದ ಅಂಚು ಹೊರಗೆ ಚಾಚಿದೆಯಾ?

ಕೇಳಿದವನು:
ಹೌದು ಸಾರ್, ಉಗುರು ಸಿಕ್ಕಿಕೊಳ್ಳುತ್ತದೆ.

ಉತ್ತರ (ತಿಪಟೂರು):
ಹಾಗಾದರೆ .405 ವಿಂಚೆಸ್ಟರ್, ಅಮೆರಿಕದ ವಿಂಚೆಸ್ಟರ್ ಬಂದೂಕು ಕಂಪನಿಯ ತೋಟಾ. 1904ರಲ್ಲಿ ಬಂದದ್ದು, 1895ರ ಮಾದರಿಯ ಲಿವರ್ ರೈಫಲ್‌ಗೆ (ಕುದುರೆಯ ಹತ್ತಿರದ ಹಿಡಿಯನ್ನು ಕೆಳಗೆಳೆದು ಮುಂದಿನ ತೋಟಾ ಏರಿಸುವ ಬಂದೂಕು). ಗುಂಡು 300 ಗ್ರೇನ್, ಅಂದರೆ 19 ಗ್ರಾಂಗಿಂತ ಸ್ವಲ್ಪ ಜಾಸ್ತಿ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೋದಾಗ ಸಿಂಹದ ಬೇಟೆಗೆ ಇದನ್ನೇ ನೆಚ್ಚಿದ್ದರು. ನಮ್ಮ ಬೆಂಗಳೂರಿನ ಕೆನೆತ್ ಆಂಡರ್ಸನ್ ನರಭಕ್ಷಕ ಹುಲಿಗಳ ಹಿಂದೆ ಹೋಗುವಾಗ ಕೈಯಲ್ಲಿ ಇದ್ದದ್ದೂ ಇದೇ! ಗುಂಡಿನ ಮೂತಿ ಮೊಂಡು, ದೂರ ಹೋದಷ್ಟೂ ಬೇಗ ವೇಗ ಕಳೆದುಕೊಳ್ಳುತ್ತದೆ. ಆದರೆ ನಮ್ಮ ಕುರುಚಲು ಕಾಡಿನಲ್ಲಿ ಏಟು ಹತ್ತಿರದ್ದೇ ಅಲ್ವಾ, ಅಲ್ಲಿಗೆ ಬಲು ಗಟ್ಟಿ.

ಉತ್ತರ (ಶಿರಾ):
ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರ ಸವೆಯುತ್ತದೆ. ತಳದ ನಡುವಿನ ಬಿಲ್ಲೆಯಲ್ಲಿ ಚಿಕ್ಕ ಗುಳಿ ಇದ್ದರೆ ಅದು ಹಾರಿಸಿದ ತೋಟಾ. ಸೂಜಿ ಅಲ್ಲೇ ಇರಲಿ.