ಪದಚರ್ಚೆ: ಹೊಲದ ಫಲಕಕ್ಕೆ ‘ಬೆಳೆ ಪರಿವರ್ತನೆ’ ಎಂದು ಬರೆಯಿಸಬಹುದೇ?

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಸಣ್ಣ ರೈತರ ಗುಂಪೊಂದು ಮೂರು ಎಕರೆ ಎರೆ ಹೊಲದಲ್ಲಿ ಪ್ರಾತ್ಯಕ್ಷಿಕೆ ನಡೆಸುತ್ತಿದೆ. ಒಂದು ಪಟ್ಟಿಯಲ್ಲಿ ಮುಂಗಾರಿಗೆ ಹೆಸರು, ಅದರ ಕಾಯಿ ಬಿಡಿಸಿಕೊಂಡ ಮೇಲೆ ಹಿಂಗಾರಿಗೆ ಜೋಳ. ಇನ್ನೊಂದು ಪಟ್ಟಿಯಲ್ಲಿ ಒಂದು ವರ್ಷ ತೊಗರಿ, ಮರುವರ್ಷ ಜೋಳ. ಬದುವಿನ ಮೇಲೆ ನಿಲ್ಲಿಸುವ ಫಲಕದ ಇಂಗ್ಲಿಷ್ ಬರಹವನ್ನು ಕನ್ನಡಕ್ಕೆ ತರುವ ಹೊಣೆ ನನ್ನದು. ಫಲಕ ಬರೆಯುವವರು ಗುರುವಾರ ಬೆಳಿಗ್ಗೆ ಬರುತ್ತಾರೆ. ಅಷ್ಟರೊಳಗೆ ಮೂರು ಪದಗಳು ತೀರ್ಮಾನವಾಗಬೇಕು.

ಮೊದಲನೆಯದು ‘ಕ್ರಾಪ್ ರೊಟೇಶನ್’, ಅಂದರೆ ಒಂದೇ ಹೊಲದಲ್ಲಿ ಹೀಗೆ ಒಂದರ ನಂತರ ಇನ್ನೊಂದು ಬೆಳೆ ತೆಗೆಯುವುದು. ನನ್ನ ಕರಡಿನಲ್ಲಿ ‘ಬೆಳೆ ಪರಿವರ್ತನೆ’ ಎಂದಿದೆ. ಅದನ್ನು ಓದಿದ ಹಿರಿಯ ರೈತರೊಬ್ಬರು, “ಹೊಲಾ ಎನ್.ಎ. ಮಾಡಸ್ತೀರೇನ್ರಿ?” ಎಂದು ಕೇಳಿಬಿಟ್ಟರು. ಕೃಷಿ ಜಮೀನನ್ನು ನಿವೇಶನಕ್ಕೆ ಬದಲಿಸುವ ‘ಭೂ ಪರಿವರ್ತನೆ’ಯ ಅರ್ಜಿ ಹಿಡಿದು ಅಲೆದವರ ಕಿವಿಗೆ ಆ ಪದ ಕಂದಾಯ ಕಚೇರಿಯದಾಗಿಯೇ ಕೇಳಿಸುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಎರಡನೆಯದು ‘ಲೆಗ್ಯೂಮ್’, ಅಂದರೆ ಹೆಸರು, ತೊಗರಿಗಳು ಸೇರುವ ಸಸ್ಯಗಳ ಗುಂಪು. ‘ದ್ವಿದಳ’ ಎಂದು ಬರೆದು, ಜೋಳಕ್ಕೆ ‘ಏಕದಳ’ ಎಂದಿದ್ದೇನೆ. ತಗಡಿನಲ್ಲಿ ಜಾಗ ಸಾಲದ ಕಾರಣ ‘ಧಾನ್ಯ’ ಎಂಬುದನ್ನು ಎರಡೂ ಕಡೆ ಬಿಟ್ಟಿದ್ದೇನೆ. ಮೂರನೆಯದು ಹೆಸರಿನ ಬೇರಿನಲ್ಲಿ ಕಾಣುವ, ಗಾಳಿಯ ಸಾರಜನಕವನ್ನು ಹಿಡಿಯುವ ‘ನಾಡ್ಯೂಲ್’. ಅದಕ್ಕೆ ‘ಬೇರುಗಂಟು’ ಸಾಕೇ?

ಮೈಸೂರಿನಿಂದ:

‘ಬೆಳೆ ಆವರ್ತನೆ’. ಇದರಲ್ಲಿ ಚರ್ಚಿಸುವುದಕ್ಕೆ ಏನಿದೆಯೆಂದು ತಿಳಿಯಲಿಲ್ಲ. ‘ಪರಿವರ್ತನೆ’ಯಲ್ಲಿ ಒಂದು ಮತ್ತೊಂದಾಗುತ್ತದೆ, ಹಾಗಾದದ್ದು ಹಿಂದಿರುಗಬೇಕೆಂಬ ನಿಯಮವಿಲ್ಲ. ‘ಆವರ್ತನೆ’ಯಲ್ಲಿ ಸುತ್ತಿ ಮರಳಿ ಬರುವ ಅರ್ಥವಿದೆ, ಮತ್ತು ಹೆಸರಿನ ಮೇಲೆ ಜೋಳ, ಜೋಳದ ಮೇಲೆ ಮತ್ತೆ ಹೆಸರು ಎಂಬಲ್ಲಿ ಆಗುವುದೂ ಅದೇ. ರೈತರಿಗೆ ತಿಳಿಯುವುದಿಲ್ಲ ಎಂಬ ಮಾತನ್ನು ದಯವಿಟ್ಟು ತರಬೇಡಿ. ‘ಆವರ್ತಕ ಕೋಷ್ಟಕ’ವನ್ನು ಬಾಯಿಪಾಠ ಮಾಡಿದ ಮಕ್ಕಳು ಅವರ ಮನೆಗಳಲ್ಲಿಯೂ ಇದ್ದಾರೆ.

ಪುತ್ತೂರಿನಿಂದ:

ಆವರ್ತನೆ, ಪರಿವರ್ತನೆ ಎಂಬ ಎರಡೂ ಸಂಸ್ಕೃತದವು; ಕನ್ನಡದ ಹೊಲಕ್ಕೆ ಇವುಗಳಲ್ಲಿ ಯಾವುದೂ ಬೇಕಾಗಿಲ್ಲ. ನಮ್ಮಲ್ಲಿ ‘ಮಾರು’ ಎಂಬ ಪದವಿದೆ. ಹಳಗನ್ನಡದಲ್ಲಿ ಅದು ಶಕಟರೇಫದ, ಅಂದರೆ ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರದ ‘ಮಾಱು’. ತಮಿಳಿನಲ್ಲಿ ಇಂದಿಗೂ ಬದಲಾಗು ಎಂಬ ಅರ್ಥದಲ್ಲಿಯೇ ನಿಂತಿದೆ. ಮಾರುವೇಷ, ಮಾರುತ್ತರ, ಮಾರ್ದನಿ, ಮಾರ್ಪಾಡು ಎಂಬವೆಲ್ಲವೂ ಅದರ ಕುಡಿಗಳು. ವೇಷ ಬದಲಿಸಿದರೆ ಮಾರುವೇಷವಾಗುವಾಗ, ಬೆಳೆ ಬದಲಿಸಿದರೆ ‘ಮಾರುಬೆಳೆ’ಯಾಗುವುದಕ್ಕೆ ಏನು ಅಡ್ಡಿ? ಹಾಗೆಯೇ ಕರಡಿನಲ್ಲಿ ‘ಮಣ್ಣಿನ ಫಲವತ್ತತೆ’ ಎಂದಿರಬಹುದೆಂದು ಊಹಿಸುತ್ತೇನೆ. ಅದನ್ನು ತೆಗೆದು ‘ಕಸುವು’ ಎಂದು ಬರೆಯಿರಿ. ಐದಕ್ಷರದ ಜಾಗದಲ್ಲಿ ಮೂರಕ್ಷರ ಕುಳಿತು, ನಿಮ್ಮ ತಗಡಿನಲ್ಲಿ ಜಾಗವೂ ಉಳಿಯುತ್ತದೆ.

ತುಮಕೂರಿನಿಂದ:

ಇಷ್ಟೆಲ್ಲ ಹುಡುಕಾಟವೇಕೆ? ‘ಅಕ್ಕಡಿ’ ಇದೆಯಲ್ಲ.

ಕಲಬುರಗಿಯಿಂದ:

ಹಲವು ವರ್ಷ ರೈತರ ಹೊಲಗಳಲ್ಲಿ ಓಡಾಡಿದವನ ಮಾತೆಂದು ಇದನ್ನು ಓದಿಕೊಳ್ಳಬೇಕು.

‘ಅಕ್ಕಡಿ’ ಇಲ್ಲಿಗೆ ಸಲ್ಲದು. ರಾಗಿಯ ನಡುನಡುವೆ ಅವರೆ, ತೊಗರಿಯ ಸಾಲು ಬಿಡುವುದು ಅಕ್ಕಡಿ. ಅಲ್ಲಿ ಎರಡು ಬೆಳೆಗಳು ಒಂದೇ ಕಾಲದಲ್ಲಿ ಅಕ್ಕಪಕ್ಕ ನಿಂತಿರುತ್ತವೆ. ಪ್ರಶ್ನೆ ಇರುವುದು ಒಂದರ ಹಿಂದೆ ಒಂದು ಬರುವುದರ ಬಗ್ಗೆ.

ಪುತ್ತೂರಿನವರ ವ್ಯುತ್ಪತ್ತಿ ಸರಿಯಾಗಿದೆ, ಫಲಕ ಮಾತ್ರ ಕೆಡುತ್ತದೆ. ರಸ್ತೆ ಪಕ್ಕದ ಹೊಲದಲ್ಲಿ ‘ಮಾರುಬೆಳೆ’ ಎಂದು ದಪ್ಪಕ್ಷರದಲ್ಲಿ ಬರೆಯಿಸಿದರೆ, ಮಾರುವುದಕ್ಕಿಟ್ಟ ಬೆಳೆಯೆಂದು ತಿಳಿದು ದಲ್ಲಾಳಿಗಳು ಗಾಡಿ ನಿಲ್ಲಿಸಿ ದರ ಕೇಳುತ್ತಾರೆ. ನಮ್ಮ ಕಡೆ ಸರತಿಗೆ ‘ಪಾಳಿ’ ಎನ್ನುತ್ತೇವೆ. ಆದರೆ ‘ಬೆಳೆಪಾಳಿ’ ಎಂದೊಡನೆ ಪಾಳು ಬಿದ್ದ ಹೊಲ ಕಣ್ಣಮುಂದೆ ಬರುತ್ತದೆ. ‘ಆವರ್ತನೆ’ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಚೆನ್ನಾಗಿರುತ್ತದೆ. ಉಳಿಯುವುದು ‘ಬೆಳೆ ಸರದಿ’. ಕೃಷಿ ಬರಹಗಳಲ್ಲಿ ಅದು ಈಗಾಗಲೇ ಬಳಕೆಯಲ್ಲಿದೆ; ಹೆಸರು–ಜೋಳದ ಹಾಗೆ ಒಂದೇ ವರ್ಷದಲ್ಲಿ ಮುಗಿಯುವ ಸರದಿಗೂ, ಐದಾರು ತಿಂಗಳು ಹೊಲ ಬಿಡದ ತೊಗರಿಯಿಂದಾಗಿ ಮರುವರ್ಷಕ್ಕೆ ಹೋಗುವ ಸರದಿಗೂ ಸಮನಾಗಿ ಒದಗುತ್ತದೆ.

‘ಧಾನ್ಯ’ವನ್ನು ಬಿಟ್ಟದ್ದು ನಿಜವಾದ ತಪ್ಪು. ಬರಿಯ ‘ದ್ವಿದಳ’ವೆಂದರೆ ಹತ್ತಿಯೂ ದ್ವಿದಳ, ಸೂರ್ಯಕಾಂತಿಯೂ ದ್ವಿದಳ, ಬರಿಯ ‘ಏಕದಳ’ವೆಂದರೆ ಉಳ್ಳಾಗಡ್ಡಿಯೂ ಅದರೊಳಗೆ ಬರುತ್ತದೆ. ಉಳ್ಳಾಗಡ್ಡಿ ಕಿತ್ತ ಹೊಲಕ್ಕೆ ಹತ್ತಿ ಹಾಕಿದ ರೈತರು ನಿಮ್ಮ ಫಲಕವನ್ನು ಅಕ್ಷರಶಃ ಪಾಲಿಸಿದಂತಾಗುತ್ತದೆ, ಮಣ್ಣಿಗೆ ಮಾತ್ರ ಒಂದು ಚಿಟಿಕೆ ಸಾರಜನಕವೂ ದಕ್ಕುವುದಿಲ್ಲ. ‘ಕಾಳು’ ಎಂದಷ್ಟೇ ಬರೆದರೂ ಸಾಲದು, ಏಕೆಂದರೆ ಜೋಳದ್ದೂ ಕಾಳೇ. ‘ಬೇಳೆಕಾಳು’ ಎಂದು ಬರೆಯಿರಿ. ಅದಕ್ಕೂ ಒಂದು ಮಿತಿಯಿದೆ: ವಿಶ್ವಸಂಸ್ಥೆ 2016ನ್ನು ಬೇಳೆಕಾಳುಗಳ ವರ್ಷವೆಂದು ಸಾರಿದಾಗ, ಎಣ್ಣೆಗಾಗಿ ಬೆಳೆಯುವವೆಂಬ ಕಾರಣಕ್ಕೆ ಶೇಂಗಾ ಮತ್ತು ಸೋಯಾಬೀನ್ ಆ ಲೆಕ್ಕದಲ್ಲಿ ಇರಲಿಲ್ಲ, ಆದರೆ ಸಾರಜನಕ ಹಿಡಿಯುವ ಗಂಟು ಅವುಗಳ ಬೇರಿನಲ್ಲಿಯೂ ಇರುತ್ತದೆ. ನಿಮ್ಮ ಹೊಲದಲ್ಲಿರುವುದು ಹೆಸರು ಮತ್ತು ತೊಗರಿ ಮಾತ್ರವಾದ್ದರಿಂದ ಆ ತೊಡಕು ಬಾರದು.

ಇನ್ನು ‘ಬೇರುಗಂಟು’. ಟೊಮೆಟೊ, ಬದನೆ ಬೆಳೆದವರಿಗೆ ಅದು ರೋಗದ ಹೆಸರು. ಮಣ್ಣಿನ ಜಂತುಹುಳು ಬೇರನ್ನು ಹೊಕ್ಕಾಗ ಆಗುವ ಗಂಟು. ನಮ್ಮ ಒಂದು ಕ್ಷೇತ್ರೋತ್ಸವದಲ್ಲಿ ‘ಬೇರುಗಂಟು ಹೆಚ್ಚಿದಷ್ಟೂ ಒಳ್ಳೆಯದು’ ಎಂಬ ಸಾಲನ್ನು ನಾನೇ ಬರೆಯಿಸಿ, ತರಕಾರಿ ಬೆಳೆಯುವವರೊಬ್ಬರಿಂದ ಎಲ್ಲರೆದುರು ಬೈಸಿಕೊಂಡಿದ್ದೇನೆ. ಈ ಗೊಂದಲವೇನೂ ಹೊಸದಲ್ಲ. 1888ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ಈ ಗಂಟುಗಳ ಕೆಲಸವನ್ನು ತೋರಿಸಿಕೊಡುವುದಕ್ಕೆ ಮೊದಲು, ಇವು ಹುಳು ಕಡಿದು ಆದ ಬಾವುಗಳೆಂದು ತಿಳಿದ ವಿದ್ವಾಂಸರೂ ಇದ್ದರು. ಹೂ ಬಿಡುವ ಹೊತ್ತಿಗೆ ಒಂದು ಹೆಸರಿನ ಗಿಡವನ್ನು ಎಳೆಯದೆ, ಸಲಿಕೆಯಿಂದ ಮಣ್ಣುಸಹಿತ ಎತ್ತಿ, ಬಕೆಟ್ಟಿನ ನೀರಿನಲ್ಲಿ ಅಲ್ಲಾಡಿಸಿ ನೋಡಿ. ಸಾಸಿವೆಯಿಂದ ಜೋಳದ ಕಾಳಿನವರೆಗಿನ ಗಾತ್ರದ ಗಂಟುಗಳು ಬೇರಿಗೆ ಹೊರಗಡೆಯಿಂದ ಅಂಟಿಕೊಂಡಿರುತ್ತವೆ. ಉಗುರಿನಿಂದ ಒತ್ತಿದರೆ ಕಳಚಿ ಬರುತ್ತವೆ. ಸೀಳಿದಾಗ ಒಳಗೆ ನಸುಗೆಂಪು ಕಂಡರೆ ಕೆಲಸ ನಡೆದಿದೆ, ಬಿಳಿಯೋ ಹಸಿರೋ ಇದ್ದರೆ ಇಲ್ಲ. ರೋಗದ ಗಂಟಾದರೆ ಬೇರೇ ಊದಿಕೊಂಡಿರುತ್ತದೆ, ಬೇರು ಹರಿಯದೆ ಅದು ಕಳಚಿ ಬರುವುದಿಲ್ಲ. ಆದ್ದರಿಂದ ಸಮಾಸ ಮಾಡದೆ ‘ಬೇರಿನ ಗಂಟು’ ಎಂದು ಬಿಡಿಸಿ ಬರೆದು, ಅದಕ್ಕೆ ಮೊದಲು ‘ಹೆಸರಿನ’ ಎಂದು ಸೇರಿಸಿ. ಕೂಡಿಟ್ಟ ಹಣಕ್ಕೂ ಗಂಟು ಎನ್ನುವವರು ನಾವು. ಅರ್ಥ ತಾನಾಗಿ ಕೂಡಿಬರುತ್ತದೆ.

ಕೇಳದಿದ್ದರೂ ಒಂದು ಮಾತು. ‘ಹೆಸರು ಬೆಳೆದರೆ ಭೂಮಿಗೆ ಸಾರಜನಕ ಸಿಗುತ್ತದೆ’ ಎಂದಷ್ಟೇ ಬರೆಯಬೇಡಿ. ಗಿಡ ಹಿಡಿದ ಸಾರಜನಕದ ದೊಡ್ಡ ಪಾಲು ಕಾಳಿನೊಡನೆ ಹೊಲ ಬಿಟ್ಟು ಹೋಗುತ್ತದೆ. ಸೊಪ್ಪು, ಕಾಂಡವನ್ನೂ ದನಕ್ಕೆ ಹಾಕಿದರೆ ಬೇರು ಮತ್ತು ಉದುರಿದ ಎಲೆಯಷ್ಟೇ ಉಳಿಯುತ್ತದೆ. ‘ಕಸುವು’ ಎಂಬುದನ್ನು ಮಾತ್ರ ಪುತ್ತೂರಿನವರಿಂದ ಸಂತೋಷದಿಂದ ಪಡೆಯಿರಿ. ಅದು ನಮ್ಮ ಹೊಲಗಳಲ್ಲಿಯೂ ಇರುವ ಮಾತು.

ಪುತ್ತೂರಿನಿಂದ:

‘ಸರದಿ’ ಎಂದರೆ ನ್ಯಾಯಬೆಲೆ ಅಂಗಡಿಯ ಮುಂದೆ ನಿಲ್ಲುವ ಸಾಲು. ದಲ್ಲಾಳಿಯ ಹೆದರಿಕೆಗೆ ಒಂದು ಒಳ್ಳೆಯ ಪದವನ್ನು ಕೈಬಿಡುವುದಾದರೆ ಯಾವ ಪದವೂ ಉಳಿಯದು. ‘ಕಾರ್’ ಎಂಬ ಮಳೆಗಾಲದ ಪದದಿಂದ ಮುಂಗಾರು, ಹಿಂಗಾರು ಎಂಬ ಚೆಂದದ ಜೋಡಿ ನಮಗೆ ಬಂದಿರುವಾಗಲೂ, ಅರಬ್ಬಿಯಲ್ಲಿ ಶರತ್ಕಾಲವೆಂದೂ ವಸಂತವೆಂದೂ ಅರ್ಥವಿರುವ ಖಾರಿಫ್, ರಬಿಗಳನ್ನು ಕಚೇರಿಯ ಕಾಗದಗಳು ಬಿಟ್ಟಿಲ್ಲ. ಬಳಕೆಯಲ್ಲಿದೆ ಎಂಬ ನೆಪವೇ ಇದಕ್ಕೆಲ್ಲ ಮೂಲ.

ಕಲಬುರಗಿಯಿಂದ:

ಫಸಲು ಅರಬ್ಬಿ, ಜಮೀನು ಪಾರಸಿ, ಪಹಣಿ ಮತ್ತು ಶೇಂಗಾ ಮರಾಠಿ. ಇವನ್ನೆಲ್ಲ ಹೊರಗಟ್ಟಿದ ಮೇಲೆ ನಮ್ಮ ರೈತರು ಯಾವ ಭಾಷೆಯಲ್ಲಿ ಸಾಲ ಕೇಳಬೇಕೆಂಬುದನ್ನೂ ತಾವೇ ಬರೆದು ತಿಳಿಸಬೇಕು. ಮುಂಗಾರು–ಹಿಂಗಾರಿನ ಬಗ್ಗೆ ನನಗೆ ತಕರಾರಿಲ್ಲ.

ಮೈಸೂರಿನಿಂದ:

ಸೋಯಾಬೀನಿಗೆ ಪುತ್ತೂರಿನವರು ಏನೆನ್ನುತ್ತಾರೆ? ಅದು ತಿಳಿಯುವವರೆಗೂ ‘ಆವರ್ತನೆ’ಯನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ.

ಧಾರವಾಡದಿಂದ:

ಎಲ್ಲರಿಗೂ ಕೃತಜ್ಞತೆಗಳು. ನಾಳೆ ಬರೆಯಿಸುವ ಸಾಲುಗಳು ಹೀಗಿವೆ: “ಇಲ್ಲಿ ಬೆಳೆ ಸರದಿ ನಡೆದಿದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ. ಹೆಸರಿನ ಬೇರಿನ ಗಂಟು ಗಾಳಿಯ ಸಾರಜನಕವನ್ನು ಹಿಡಿಯುತ್ತದೆ; ಕಾಯಿ ಬಿಡಿಸಿದ ಗಿಡವನ್ನು ಮಣ್ಣಿಗೆ ಸೇರಿಸಿದರೆ ಭೂಮಿಗೆ ಕಸುವು.” ‘ಬೇಳೆಕಾಳು’ ಸರಿಯಾದ ಪದವೆಂದು ಒಪ್ಪಿದರೂ ಅದನ್ನು ಬಿಟ್ಟಿದ್ದೇನೆ, ಏಕೆಂದರೆ ಹೆಸರಿಗೆ ಹೆಸರೆಂದೇ ಬರೆದ ಮೇಲೆ ಅದರ ಕುಲ ಹೇಳುವ ಅಗತ್ಯ ಕಾಣಲಿಲ್ಲ. ತೊಗರಿಯ ಪಟ್ಟಿಗೆ ಬೇರೆ ಫಲಕವಾಗಲಿದೆ. ಜೋಳದೊಡನೆ ಸರದಿ ಮಾಡಿದರೆ ತೊಗರಿ ಗಿಡ ಬಾಡಿ ಒಣಗುವ ನೆಟೆ ರೋಗ ತಗ್ಗುತ್ತದೆ ಎಂಬ ಸಾಲನ್ನು ಅಲ್ಲಿ ಸೇರಿಸಬೇಕಾಗಿದ್ದು, ಆ ‘ನೆಟೆ’ಯ ಬಗ್ಗೆ ಮುಂದಿನ ವಾರ ಮತ್ತೆ ಬರೆಯುತ್ತೇನೆ.

ಕಳೆದ ಬಾರಿ ಇದೇ ಕೈಯ ಕುಂಚ ‘ಬೆಳೆ’ಯನ್ನು ‘ಬೇಳೆ’ ಮಾಡಿತ್ತು. ಈ ಸಲ ಬಣ್ಣ ಒಣಗುವವರೆಗೂ ನಾನು ಪಕ್ಕದಲ್ಲಿಯೇ ನಿಂತಿರುತ್ತೇನೆ.