ಫ್ರೇಮ್‌ಗೆ ಬಣ್ಣ ಕೊಟ್ಟರೆ ಸಾಕಾ?

(ಮಾತಾಡುವವರನ್ನು ಅವರವರ ಊರಿನ ಹೆಸರಿನಿಂದ ಗುರುತಿಸಿದೆ.)

ಹಾಸನ: ಜೂನಿಯರ್‌ಗಳ ಜಾವಾ ಲ್ಯಾಬ್ ಪರೀಕ್ಷೆಗೆ ನೋಟ್ಸ್ ಹಾಕಿದ್ದೇನೆ. ವಿಂಡೋಗೆ ಹಿನ್ನೆಲೆ ಬಣ್ಣ ಕೊಡುವುದು ಎರಡನೇ ಪುಟದಲ್ಲಿದೆ.

ಪುತ್ತೂರು: ಆ ಪುಟ ತೆಗೆ ಮಾರಾಯ. ಜೆಫ್ರೇಮ್ ಮೇಲೆ, ಅಂದರೆ ವಿಂಡೋ ಮೇಲೆಯೇ, ನೇರ ಸೆಟ್‌ಬ್ಯಾಕ್‌ಗ್ರೌಂಡ್ (ಹಿನ್ನೆಲೆ ಬಣ್ಣ ಕೊಡುವ ಮೆಥಡ್) ಕರೆದಿದ್ದೀಯ. ಓಡಿಸಿದರೆ ವಿಂಡೋ ತಿಳಿ ಬೂದಾಗಿಯೇ ಇರುತ್ತದೆ.

ಹಾಸನ: ನಾವು ಕಲಿತದ್ದೂ ಹೀಗೇ ಅಲ್ವಾ? ನಮ್ಮ ರೆಕಾರ್ಡ್ ಬುಕ್‌ನಲ್ಲೂ ಇದೇ ಸಾಲು. ಎರರ್ ಕೂಡ ಬರುವುದಿಲ್ಲ.

ಪುತ್ತೂರು: ಎರರ್ ಬರದೇ ಇರುವುದೇ ತೊಂದರೆ. ರೆಕಾರ್ಡ್‌ನಲ್ಲಿದ್ದದ್ದು ಜಾವಾದ ಹಳೆಯ ವಿಂಡೋ ಲೈಬ್ರರಿ ಎಡಬ್ಲ್ಯೂಟಿಯ ಫ್ರೇಮ್. ಅದಕ್ಕೆ ಆ ಸಾಲು ಸಾಕು. ಆಮೇಲೆ ಬಂದ ಸ್ವಿಂಗ್ ಲೈಬ್ರರಿಯ ಜೆಫ್ರೇಮ್ ಒಳಗೆ ಒಂದರೊಳಗೊಂದು ಪದರಗಳಿವೆ: ರೂಟ್‌ಪೇನ್, ಅದರೊಳಗೆ ಲೇಯರ್ಡ್‌ಪೇನ್, ಆಮೇಲೆ ಕಂಟೆಂಟ್‌ಪೇನ್. ಈ ಕಂಟೆಂಟ್‌ಪೇನ್ ಜಾಗವನ್ನೆಲ್ಲ ಮುಚ್ಚಿ ತನ್ನ ಬಣ್ಣ ಬಳಿಯುತ್ತದೆ. ಗೋಡೆಗೆ ಬಣ್ಣ ಹೊಡೆದು ಅದರ ಮುಂದೆ ಬೀರು ನಿಲ್ಲಿಸಿದ ಹಾಗಾಯಿತು. ಮೊದಲು ಗೆಟ್‌ಕಂಟೆಂಟ್‌ಪೇನ್ ಕರೆದು, ಅದರ ಮೇಲೆ ಸೆಟ್‌ಬ್ಯಾಕ್‌ಗ್ರೌಂಡ್ ಹಾಕಬೇಕು.

ಹಾಸನ: ಹಾಗಾದರೆ ಬಟನ್‌ನಂಥದ್ದನ್ನು ಸೇರಿಸುವ ಆಡ್ ಮಾತ್ರ ಫ್ರೇಮ್ ಮೇಲೆ ನೇರ ಕರೆದರೂ ಹೇಗೆ ನಡೆಯುತ್ತದೆ? ಬಟನ್ ಬಂದು ಕೂರುತ್ತದಲ್ಲ.

ಪುತ್ತೂರು: ಒಳ್ಳೇ ಪ್ರಶ್ನೆ. ಮೊದಲು ಅದೂ ನಡೆಯುತ್ತಿರಲಿಲ್ಲ. 2004ರಲ್ಲಿ ಜಾವಾ 5 ಬಂದಾಗ ಆಡ್, ರಿಮೂವ್ (ತೆಗೆಯುವುದು), ಸೆಟ್‌ಲೇಔಟ್ (ಜೋಡಣೆ ಹೇಳುವುದು) ಕರೆಗಳನ್ನು ಕಂಟೆಂಟ್‌ಪೇನ್‌ಗೆ ದಾಟಿಸಿದರು. ಬಣ್ಣದ ಕರೆಯನ್ನು ದಾಟಿಸಲಿಲ್ಲ. ಗೊಂದಲ ಹುಟ್ಟುವುದೇ ಅಲ್ಲಿ.

ಬೆಳಗಾವಿ: ನಾನು ಈಗಷ್ಟೇ ಗೆಟ್‌ಕಂಟೆಂಟ್‌ಪೇನ್ ಹಾಕಿ ಓಡಿಸಿದೆ. ಆದರೂ ಬಣ್ಣ ಬರಲಿಲ್ಲ. ಅದೂ ತಪ್ಪಾ?

ಪುತ್ತೂರು: ಮೇಲೆ ಜೆಪ್ಯಾನೆಲ್ (ಬಟನ್‌ನಂಥವನ್ನು ಇಡುವ ಹಲಗೆ) ಸೇರಿಸಿದ್ದೀಯಾ? ಕಂಟೆಂಟ್‌ಪೇನ್‌ನಲ್ಲಿರುವುದು ನಾಲ್ಕು ಅಂಚು, ಒಂದು ನಡು ಅಂತ ಜಾಗ ಹಂಚುವ ಬಾರ್ಡರ್‌ಲೇಔಟ್. ಜಾಗ ಹೇಳದೆ ಸುಮ್ನೆ ಆಡ್ ಮಾಡಿದರೆ ಪ್ಯಾನೆಲ್ ನಡುವೆ ಕೂತು ಪೂರ್ತಿ ಹರಡುತ್ತದೆ. ಪ್ಯಾನೆಲ್ ಒಪೇಕ್ (ಪಾರದರ್ಶಕವಲ್ಲ), ಕೆಳಗಿನದು ಕಾಣುವುದಿಲ್ಲ. ಬಣ್ಣವನ್ನು ಪ್ಯಾನೆಲ್‌ಗೇ ಕೊಡು. ಇಲ್ಲಾ ಸೆಟ್‌ಒಪೇಕ್ ಫಾಲ್ಸ್ ಮಾಡು. ಬರಹ ತೋರಿಸುವ ಜೆಲೇಬಲ್‌ದು ಉಲ್ಟಾ, ಟ್ರೂ ಮಾಡಿದರೆ ಮಾತ್ರ ಅದರ ಹಿನ್ನೆಲೆ ಕಾಣುತ್ತದೆ.

ಬೆಳಗಾವಿ: ಪ್ಯಾನೆಲ್‌ಗೆ ಕೊಟ್ಟೆ. ಬಂತು!

ಹಾಸನ: ಸರಿ, ಸಾಲು ತಿದ್ದುತ್ತೇನೆ. ಈ ಪೇನ್‌ಗಳ ಕಥೆಯೆಲ್ಲ ಬೇಡ. ಪರೀಕ್ಷೆ ಹತ್ತಿರ ಬಂತು, ಪ್ರೋಗ್ರಾಂ ಓಡಿದರೆ ಸಾಕು ಅವರಿಗೆ.

ಪುತ್ತೂರು: ನಾನು ಒಪ್ಪುವುದಿಲ್ಲ. ಈಗ ಬೆಳಗಾವಿಯವನಿಗೆ ಆದದ್ದೇ ಅವರಿಗೂ ಆಗುತ್ತದೆ. ಎಕ್ಸಾಮಿನರ್ ಒಂದು ಪ್ಯಾನೆಲ್ ಸೇರಿಸು ಅಂದರೆ ಬಾಯಿಪಾಠದ ಸಾಲು ಕೈಕೊಡುತ್ತದೆ. ಯಾವುದು ಯಾವುದರ ಮೇಲೆ ಕೂತಿದೆ ಅಂತ ಚಿತ್ರ ಇರಲೇಬೇಕು. ನಾನೇ ಬರೆದು ಕಳಿಸುತ್ತೇನೆ.

ಹಾಸನ: ಕಳಿಸು, ಆದರೆ ಒಂದೇ ಪುಟ. ಜಾಸ್ತಿ ಆದರೆ ಯಾರೂ ಓದುವುದಿಲ್ಲ.

ಪುತ್ತೂರು: ಒಂದೇ ಪುಟ. ಜೆಪ್ಯಾನೆಲ್‌ನಲ್ಲಿ ಪೇಂಟ್‌ಕಾಂಪೊನೆಂಟ್ (ಪ್ಯಾನೆಲ್ ಬಿಡಿಸುವ ಮೆಥಡ್) ನಾವೇ ಬರೆಯುವಾಗ ಸೂಪರ್ ಕರೆಯುವ, ಅಂದರೆ ಮೂಲ ಮೆಥಡ್ ಓಡಿಸುವ, ಸಾಲು ಬಿಟ್ಟರೂ ಹಿನ್ನೆಲೆ ಬಳಿಯುವುದಿಲ್ಲ. ಅದನ್ನೂ ಅದರಲ್ಲೇ ಸೇರಿಸುತ್ತೇನೆ.